ಬೆರಳ ತುದಿಯಷ್ಟು ಮುಲಾಮು

ವೈದ್ಯರ ಚೀಟಿಯಲ್ಲಿ 'ಯೋನಿಯ ಹೊರಭಾಗಕ್ಕೆ, ದಿನಾ ರಾತ್ರಿ ಒಂದು ಸಲ' ಎಂದು ಬರೆದಿರುತ್ತದೆ. ಟ್ಯೂಬಿನ ಡಬ್ಬಿಯಲ್ಲಿ ಮಡಚಿಟ್ಟ ಕಾಗದ ಬಿಡಿಸಿದರೆ 'ಜನನಾಂಗದ ತುರಿಕೆಗೆ ಬಳಸಬಾರದು' ಎಂಬ ಸಾಲು ಕಣ್ಣಿಗೆ ಬೀಳುತ್ತದೆ. ಜನನಾಂಗದ ಚರ್ಮ ಬಿಳಿಚಿ, ನವೆಯೆದ್ದು, ಸೀಳುವ ಲೈಕೆನ್ ಸ್ಕ್ಲೆರೋಸಸ್ ಎಂಬ ಕಾಯಿಲೆಯ ಹೆಸರನ್ನು ಅದೇ ದಿನ ಮೊದಲ ಸಲ ಕೇಳಿಸಿಕೊಂಡು ಬಂದ ಹೆಂಗಸು ಈ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕೂರುತ್ತಾಳೆ. ಮೊಣಕೈಗೋ ಹಿಮ್ಮಡಿಗೋ ಹಚ್ಚುವ ಔಷಧಿಯಾಗಿದ್ದರೆ ಅಕ್ಕನಿಗೆ ಫೋನ್ ಮಾಡಬಹುದು, ಗೆಳತಿಯನ್ನು ಕೇಳಬಹುದು. ಇದನ್ನು ಯಾರ ಹತ್ತಿರ ಕೇಳುವುದು? ಹಾಗಾಗಿ ಬಹಳ ಮಂದಿ ತಮಗೆ ತಾವೇ ಒಂದು ರಾಜಿ ಮಾಡಿಕೊಳ್ಳುತ್ತಾರೆ: ಒಂಚೂರೇ ಚೂರು, ನವೆ ತಡೆಯಲಾಗದ ದಿನ ಮಾತ್ರ, ಕಡಿಮೆಯಾದ ಕೂಡಲೇ ಬಂದ್. ಈ ಕಾಯಿಲೆಯಲ್ಲಿ ನಮಗೆ ಅತಿ ಹೆಚ್ಚು ನಷ್ಟ ಮಾಡುವುದು ಈ ರಾಜಿಯೇ ಎಂದು ನನಗೆ ಈಗ ಖಚಿತವಾಗಿದೆ. ಅದನ್ನು ಬಿಡಿಸಿ ಹೇಳಬೇಕೆಂದೇ ಬರೆಯಲು ಕೂತಿದ್ದೇನೆ.

ನನಗೆ ಶುರುವಾದದ್ದು ಮುಟ್ಟು ನಿಂತ ಮೇಲೆ. ಹಾಸಿಗೆ ಸೇರಿ ಮೈ ಬೆಚ್ಚಗಾಗುವ ಹೊತ್ತಿಗೆ ಸರಿಯಾಗಿ ನವೆ ಏಳುತ್ತಿತ್ತು. ನಿದ್ದೆಗಣ್ಣಲ್ಲಿ ಕೆರೆದುಕೊಂಡದ್ದು ಬೆಳಿಗ್ಗೆ ಮೂತ್ರ ತಾಗಿ ಉರಿದಾಗಲೇ ತಿಳಿಯುತ್ತಿತ್ತು. ಫಂಗಸ್ ಇರಬೇಕು ಎಂದರು. ಕ್ರೀಮು ಕೊಟ್ಟರು, ಮಾತ್ರೆ ಕೊಟ್ಟರು, ಮತ್ತೆ ಹೋದಾಗ ಇನ್ನೊಂದು ಕ್ರೀಮು ಕೊಟ್ಟರು. ಎಲ್ಲವೂ ಮೇಜಿನ ಆಚೆಈಚೆ ಕೂತು ಆಡಿದ ಮಾತಿನಲ್ಲೇ ಮುಗಿಯಿತು. ಮಂಚದ ಮೇಲೆ ಮಲಗಿಸಿ, ದೀಪ ಹಾಕಿ ನೋಡಿದವರು ಬಹಳ ತಡವಾಗಿ ಸಿಕ್ಕ ಚರ್ಮರೋಗ ತಜ್ಞೆ. ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. ಮುಟ್ಟು ನಿಂತ, ಸಕ್ಕರೆ ಕಾಯಿಲೆಯಿಲ್ಲದ, ಹಾರ್ಮೋನ್ ಔಷಧಿ ತೆಗೆದುಕೊಳ್ಳದ ಹೆಂಗಸಿಗೆ ಯೋನಿಯ ಫಂಗಸ್ ಸೋಂಕು ಪದೇ ಪದೇ ಬರುವುದು ಅಪರೂಪ ಎಂಬುದನ್ನು ಅವರಿಂದಲೇ ತಿಳಿದುಕೊಂಡೆ. ಐವತ್ತು ದಾಟಿದ ಪ್ರತಿಯೊಬ್ಬಳಿಗೂ ಈ ಒಂದು ಮಾತು ಮುಟ್ಟಬೇಕು. ಫಂಗಸ್ ಔಷಧಿಗೆ ಬಗ್ಗದ ನವೆ ಇದ್ದರೆ, ಇನ್ನೊಂದು ಔಷಧಿ ಬರೆಸಿಕೊಳ್ಳುವ ಮೊದಲು 'ದಯವಿಟ್ಟು ಒಮ್ಮೆ ನೋಡಿ' ಎಂದು ಬಾಯಿಬಿಟ್ಟು ಕೇಳಿ.

ಅವರು ಕೈಗನ್ನಡಿ ಕೊಟ್ಟು ನನಗೂ ತೋರಿಸಿದರು. ಒಳತುಟಿಗಳ ಮೇಲೆ, ಚಂದ್ರನಾಡಿಯ (ಕ್ಲಿಟೋರಿಸ್) ಸುತ್ತ, ಅಲ್ಲಿಂದ ಕೆಳಗಿಳಿದು ಗುದದ್ವಾರದ ಸುತ್ತಲೂ ಚರ್ಮ ಬಿಳಿಚಿಕೊಂಡಿತ್ತು. ಮುದುಡಿ ಬಿಡಿಸಿದ ತೆಳು ಕಾಗದದ ಹಾಗೆ ನಿರಿಗೆಗಟ್ಟಿತ್ತು. ಕೆಲವರಲ್ಲಿ ಈ ಬಿಳುಪು ಯೋನಿಯನ್ನೂ ಗುದವನ್ನೂ ಸುತ್ತುವರಿದು ಇಂಗ್ಲಿಷಿನ 8ರ ಆಕಾರ ತಾಳುತ್ತದಂತೆ. ಅಲ್ಲಲ್ಲಿ ಚರ್ಮದಡಿ ರಕ್ತ ಹೆಪ್ಪುಗಟ್ಟಿದ ಕೆಂಪು ಚುಕ್ಕೆಗಳು, ಮಡಿಕೆಯಲ್ಲಿ ಕೂದಲೆಳೆಯಷ್ಟು ಸೀಳು. ಯೋನಿಯ ಒಳಗೋಡೆಗೆ ಈ ಕಾಯಿಲೆ ಸಾಮಾನ್ಯವಾಗಿ ಹೋಗುವುದಿಲ್ಲ. ಹೊರಗಿನ ಚರ್ಮದಲ್ಲೇ ಅದರ ಕೆಲಸವೆಲ್ಲ.

"ಇದು ಅಂಟುರೋಗ ಅಲ್ಲ, ಯಾರಿಂದಲೂ ಬಂದಿದ್ದಲ್ಲ, ನಿಮ್ಮಿಂದ ಯಾರಿಗೂ ಹೋಗಲ್ಲ," ಎಂದು ನಾನು ಕೇಳುವ ಮೊದಲೇ ಹೇಳಿದರು. ಸ್ವಚ್ಛತೆ ಸಾಲದೆ ಬಂದದ್ದೂ ಅಲ್ಲವೆಂದು ಸೇರಿಸಿದರು. ಅಷ್ಟು ಹೊತ್ತಿನವರೆಗೂ ಎದೆಯ ಮೇಲೆ ಕೂತಿದ್ದ ಭಾರ ಅಲ್ಲೇ ಇಳಿಯಿತು. "ವಾಸಿ ಆಗತ್ತಾ ಡಾಕ್ಟ್ರೇ?" ಎಂದೆ. "ಬೇರುಸಹಿತ ಹೋಗೋ ಕಾಯಿಲೆ ಅಲ್ಲಮ್ಮ. ಆದ್ರೆ ಸುಮ್ಮನಿರೋ ಹಾಗೆ ಮಾಡಬಹುದು. ಮುಲಾಮು ಬಿಡಬಾರದು, ಅಷ್ಟೇ."

1887ರಲ್ಲೇ ಫ್ರಾನ್ಸಿನ ಚರ್ಮವೈದ್ಯ ಆನ್ರಿ ಅಲೊಪೊ ವರ್ಣಿಸಿದ ಕಾಯಿಲೆ ಇದು. ಇಷ್ಟು ಕಾಲವಾದರೂ ಪೂರ್ತಿ ಕಾರಣ ಬಿಡಿಸಿ ಹೇಳಲಾಗಿಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ತನ್ನದೇ ಚರ್ಮದ ಮೇಲೆ ತಿರುಗಿಬೀಳುತ್ತದೆ ಎಂಬುದಕ್ಕೆ ಸಾಕಷ್ಟು ಸುಳಿವುಗಳಿವೆ. ಥೈರಾಯ್ಡ್ ತೊಂದರೆ, ತೊನ್ನು, ಕೂದಲು ಗುಂಡಗುಂಡಗೆ ಉದುರುವ ಕಾಯಿಲೆ ಇರುವವರಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ನನಗೂ ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು. ಚರ್ಮದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಎಲ್ಲರಿಗೂ ಬೇಕಾಗುವುದಿಲ್ಲ. ನೋಟಕ್ಕೆ ಖಚಿತವಾಗದಿದ್ದರೆ, ಎಲ್ಲಾದರೂ ಚರ್ಮ ದಪ್ಪಗಟ್ಟಿದ್ದರೆ, ಮಾಯದ ಹುಣ್ಣಿದ್ದರೆ ಮಾಡುತ್ತಾರೆ. ಜಾಗ ಮರಗಟ್ಟಿಸಿ, ಕೆಲವೇ ಮಿಲಿಮೀಟರಿನ ಚೂರು ತೆಗೆಯುವುದು ಅಷ್ಟೆ. ಮಾಡಬೇಕು ಎಂದರೆ ಹೆದರಿ ಎದ್ದು ಬರಬೇಡಿ.

ಈಗ ಮುಲಾಮಿನ ವಿಷಯ. ಬರೆದುಕೊಡುವುದು ಹೆಚ್ಚಾಗಿ ಕ್ಲೊಬೆಟಾಸಾಲ್ ಪ್ರೊಪಿಯೊನೇಟ್ ಶೇ 0.05. ಹಚ್ಚುವ ಸ್ಟೀರಾಯ್ಡುಗಳಲ್ಲಿ ಅತಿ ತೀಕ್ಷ್ಣವಾದ ವರ್ಗಕ್ಕೆ ಸೇರಿದ್ದು. ಕೆಲವರಿಗೆ ಮೊಮೆಟಾಸೋನ್ ಕೊಡುವುದೂ ಉಂಟು. ಸ್ಟೀರಾಯ್ಡ್ ಎಂದ ಕೂಡಲೇ ಚರ್ಮ ತೆಳ್ಳಗಾಗುತ್ತದೆ, ಅಭ್ಯಾಸವಾಗಿಬಿಡುತ್ತದೆ ಎಂಬ ಮಾತು ಎಲ್ಲಿಂದಲಾದರೂ ಬಂದೇ ಬರುತ್ತದೆ. ಔಷಧಿ ಕೊಡುವವರೂ ಹೇಳುತ್ತಾರೆ: "ಜಾಸ್ತಿ ದಿನ ಹಚ್ಚಬೇಡಿ." ಆ ಎಚ್ಚರಿಕೆ ಸುಳ್ಳೇನಲ್ಲ. ಮುಖಕ್ಕೆ, ತೊಡೆಸಂದಿಗೆ, ಮಕ್ಕಳ ಮೈಗೆ ಕಂಡಕಂಡ ಸ್ಟೀರಾಯ್ಡ್ ಕ್ರೀಮು ತಿಂಗಳುಗಟ್ಟಲೆ ಬಳಿದುಕೊಂಡು ಚರ್ಮ ಕೆಡಿಸಿಕೊಂಡವರು ಎಷ್ಟೋ ಮಂದಿ. ಫಂಗಸ್ ಸೋಂಕಿನ ಮೇಲೆ ಸ್ಟೀರಾಯ್ಡ್ ಹಚ್ಚಿದರೆ ನವೆ ಕೆಲವು ದಿನ ಅಡಗಿ, ಸೋಂಕು ಒಳಗೊಳಗೇ ಹಬ್ಬುತ್ತದೆ.

ಡಬ್ಬಿಯೊಳಗಿನ ಕಾಗದ ಹೆದರುವುದು ಅದಕ್ಕೇ. ಏನೆಂದು ಗೊತ್ತಿಲ್ಲದ ತುರಿಕೆಗೆ, ಯಾರೂ ನೋಡದೆ, ತಾನಾಗಿಯೇ ಕೊಂಡು ಹಚ್ಚಿಕೊಳ್ಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಸಾಲು ಅದು. ಪರೀಕ್ಷೆಯಾಗಿ, ಕಾಯಿಲೆಯ ಹೆಸರು ಸಿಕ್ಕು, ಎಲ್ಲಿ ಎಷ್ಟು ಎಂದು ಅಳತೆ ಹೇಳಿಸಿಕೊಂಡು ಬಂದವರ ಸ್ಥಿತಿ ಬೇರೆ. ಇದನ್ನು ನನಗೆ ವಿವರಿಸಿದ್ದು ಅದೇ ವೈದ್ಯೆ, ಎರಡನೆಯ ಭೇಟಿಯಲ್ಲಿ, ಆ ಕಾಗದವನ್ನೇ ಮೇಜಿನ ಮೇಲೆ ಹರಡಿ. ಒಳತುಟಿಗಳ ಚರ್ಮ ಸ್ಟೀರಾಯ್ಡನ್ನು ಸಾಕಷ್ಟು ತಾಳಿಕೊಳ್ಳುತ್ತದೆ. ಪಕ್ಕದ ತೊಡೆಸಂದಿ ತಾಳುವುದಿಲ್ಲ. ಹಾಗಾಗಿ ಎಲ್ಲಿ ಹಚ್ಚುತ್ತೇವೆ ಎಂಬುದು ಎಷ್ಟು ಹಚ್ಚುತ್ತೇವೆ ಎಂಬುದರಷ್ಟೇ ಮುಖ್ಯ. ಚರ್ಮ ತೆಳ್ಳಗಾಗಿ, ಸೀಳಿ, ಅಂಟಿಕೊಳ್ಳುತ್ತಿರುವುದು ಕಾಯಿಲೆಯಿಂದ. ಮುಲಾಮು ಅದನ್ನು ತಡೆಯುವ ಕೆಲಸ ಮಾಡುತ್ತಿದೆ. ಮುಲಾಮಿಗೆ ಹೆದರಿ ಕಾಯಿಲೆಗೆ ಬಾಗಿಲು ತೆರೆದಿಟ್ಟರೆ, ಯಾವುದಕ್ಕೆ ಹೆದರಿದ್ದೆವೋ ಅದೇ ನಡೆಯುತ್ತದೆ.

ಈ ಮಾತಿಗೆ ಆಧಾರವಾಗಿ ಒಂದು ಅಧ್ಯಯನವಿದೆ. ಹೊಸದಾಗಿ ಕಾಯಿಲೆ ತಿಳಿದವರೆಲ್ಲ ಅದನ್ನು ಕೇಳಿರಬೇಕು. ಆಸ್ಟ್ರೇಲಿಯಾದ ವೈದ್ಯರು 2015ರಲ್ಲಿ ಜಾಮಾ ಡರ್ಮಟಾಲಜಿ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಈ ಕಾಯಿಲೆಯಿದ್ದ 507 ಹೆಂಗಸರನ್ನು ಅವರು ವರ್ಷಗಟ್ಟಲೆ ಗಮನಿಸಿದರು. 357 ಮಂದಿ ಹೇಳಿದ ಹಾಗೆ ಮುಲಾಮು ಹಚ್ಚುತ್ತಾ ಬಂದರು, 150 ಮಂದಿ ಆಗೊಮ್ಮೆ ಈಗೊಮ್ಮೆ. ಮೊದಲ ಗುಂಪಿನಲ್ಲಿ ಒಬ್ಬರಿಗೂ ಆ ಜಾಗದ ಕ್ಯಾನ್ಸರ್ ಆಗಲಿ, ಅದರ ಹಿಂದಿನ ಹಂತವಾಗಲಿ ಬರಲಿಲ್ಲ. ಎರಡನೆಯ ಗುಂಪಿನಲ್ಲಿ 7 ಮಂದಿಗೆ ಬಂತು. ಚರ್ಮ ಅಂಟಿಕೊಂಡು ಆಕಾರ ಕೆಡುವುದು ಮೊದಲ ಗುಂಪಿನಲ್ಲಿ ಶೇ 3.4 ಮಂದಿಗೆ ಮುಂದುವರಿದರೆ, ಎರಡನೆಯದರಲ್ಲಿ ಶೇ 40 ಮಂದಿಗೆ. ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗ ಇದಲ್ಲ, ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ಮುಲಾಮಿಗೇ ಕೊಡಲಾಗದು ಎಂಬುದು ನಿಜ. ಆದರೂ ಮೂರೂವರೆಗೂ ನಲವತ್ತಕ್ಕೂ ಇರುವ ಅಂತರ ನನ್ನ ಕೈ ನಡುಕ ನಿಲ್ಲಿಸಿತು.

ಹಚ್ಚುವುದೂ ಒಂದು ಕೆಲಸವೇ. ಅದನ್ನು ಕಲಿಯಬೇಕು.

ಸಾಮಾನ್ಯವಾಗಿ ಹೇಳುವ ಕ್ರಮ ಹೀಗೆ: ಮೊದಲ ತಿಂಗಳು ದಿನಾ ಒಂದು ಸಲ, ಎರಡನೆಯ ತಿಂಗಳು ದಿನ ಬಿಟ್ಟು ದಿನ, ಮೂರನೆಯ ತಿಂಗಳು ವಾರಕ್ಕೆ ಎರಡು ಸಲ. ಅಳತೆಗೆ ಬೆರಳ ತುದಿಯ ಲೆಕ್ಕ. ದೊಡ್ಡವರ ತೋರುಬೆರಳಿನ ಮೇಲಿನ ಗೆರೆಯಿಂದ ತುದಿಯವರೆಗೆ ಟ್ಯೂಬಿನಿಂದ ಎಳೆದ ಗೆರೆ ಸುಮಾರು ಅರ್ಧ ಗ್ರಾಮ್ ತೂಗುತ್ತದೆ. ಚರ್ಮವೈದ್ಯರು ಈ ಅಳತೆಯನ್ನು 1991ರಲ್ಲಿ ಬಳಕೆಗೆ ತಂದರು. ನಮ್ಮ ಈ ಜಾಗಕ್ಕೆ ಒಂದು ಸಲಕ್ಕೆ ಅರ್ಧ ಬೆರಳ ತುದಿಯಿಂದ ಒಂದು ಬೆರಳ ತುದಿಯಷ್ಟು ಸಾಕು. ಒಂದು ಬೆರಳ ತುದಿ ಎಂದೇ ಹಿಡಿದರೂ ಮೊದಲ ತಿಂಗಳ 30 ಸಲ, ಎರಡನೆಯದರ 15, ಮೂರನೆಯದರ ಎಂಟೊಂಬತ್ತು ಸೇರಿ ಸುಮಾರು 53 ಸಲ, ಅಂದರೆ 27 ಗ್ರಾಮಿನ ಆಸುಪಾಸು. '30 ಗ್ರಾಮಿನ ಟ್ಯೂಬು ಮೂರು ತಿಂಗಳು ಬರಬೇಕು' ಎಂದು ವೈದ್ಯರು ಹೇಳುವ ಲೆಕ್ಕ ಇದಕ್ಕೆ ಸರಿಹೊಂದುತ್ತದೆ. ಮೂರು ತಿಂಗಳ ಕೊನೆಗೆ ಟ್ಯೂಬು ಹೆಚ್ಚುಕಡಿಮೆ ತುಂಬಿಯೇ ಇದ್ದರೆ ನೀವು ಹೆದರಿ ಹಚ್ಚುತ್ತಿದ್ದೀರಿ. ಒಂದೇ ತಿಂಗಳಲ್ಲಿ ಖಾಲಿಯಾದರೆ ಅಗತ್ಯಕ್ಕಿಂತ ಹೆಚ್ಚು ಜಾಗಕ್ಕೆ ಬಳಿಯುತ್ತಿದ್ದೀರಿ. ಟ್ಯೂಬಿನ ಮೇಲೆ ತೆರೆದ ದಿನ ಬರೆದಿಡುವುದು ಒಳ್ಳೆಯದು. ಮುಂದಿನ ಭೇಟಿಯಲ್ಲಿ ಅದು ನಿಮ್ಮ ಪರವಾಗಿ ಮಾತಾಡುತ್ತದೆ.

ನಾನು ರಾತ್ರಿ ಹಚ್ಚುತ್ತೇನೆ. ಮೂತ್ರಕ್ಕೆ ಹೋಗಿಬಂದು, ಬರೀ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಆಮೇಲೆ. ಒರೆಸುವಾಗ ಉಜ್ಜಬಾರದು. ನೆನೆದು ಮೆತ್ತಗಾದ ಚರ್ಮಕ್ಕೆ ಮುಲಾಮು ಚೆನ್ನಾಗಿ ಇಳಿಯುತ್ತದೆ. ಕನ್ನಡಿಯನ್ನು ಮಂಚದ ಮೇಲೆ ಒರಗಿಸಿಟ್ಟು, ಒಂದು ಕೈಯಲ್ಲಿ ಮಡಿಕೆಗಳನ್ನು ಬಿಡಿಸಿ, ಇನ್ನೊಂದು ಕೈಯ ಬೆರಳಿಂದ ಬಿಳಿಚಿದ ಜಾಗಕ್ಕೆಲ್ಲ ತೆಳ್ಳಗೆ ತಿಕ್ಕಬೇಕು. ಹಾಗೇ ಮೇಲೆ ಮೆತ್ತಿಟ್ಟರೆ ಒಳಚಡ್ಡಿಗೆ ಹೋಗುತ್ತದೆ ಹೊರತು ಚರ್ಮಕ್ಕಲ್ಲ. ಚಂದ್ರನಾಡಿಯ ಮೇಲಿನ ಮಡಿಕೆ, ಯೋನಿಯ ಬಾಗಿಲಿನ ಕೆಳತುದಿ, ಅಲ್ಲಿಂದ ಗುದದವರೆಗಿನ ಸೇತುವೆ, ಇವು ತಪ್ಪಿಹೋಗುವ ಜಾಗಗಳು. ಗುದದ ಸುತ್ತ ಕಾಯಿಲೆ ಇದ್ದರೆ ಅಲ್ಲಿಗೂ ಹಚ್ಚಬೇಕು, ಆದರೆ ತೆಳ್ಳಗೆ, ಹೇಳಿದಷ್ಟೇ. ಯೋನಿಯ ಒಳಗೆ ಬೇಡ. ತೊಡೆಸಂದಿಗೆ ತಾಗಿದರೆ ಒರೆಸಿಬಿಡಿ. ಕೊನೆಗೆ ಸೋಪು ಹಾಕಿ ಕೈ ತೊಳೆಯಿರಿ. ಇದು ಕಣ್ಣಿಗೆ ತಾಗಬಾರದ ಔಷಧಿ.

ಕ್ರೀಮೇ ಬೇಡ, ಆಯಿಂಟ್‌ಮೆಂಟೇ ಬೇಕು ಎಂದು ವೈದ್ಯರು ಒತ್ತಿ ಹೇಳುವುದಕ್ಕೂ ಕಾರಣವಿದೆ. ಕ್ರೀಮಿನಲ್ಲಿ ನೀರಿರುತ್ತದೆ, ನೀರು ಕೆಡದಿರಲು ಹಾಕುವ ರಾಸಾಯನಿಕಗಳಿರುತ್ತವೆ. ಸೀಳಿದ ಚರ್ಮಕ್ಕೆ ಅವು ಚುರ್ರೆನ್ನುತ್ತವೆ. ಆಯಿಂಟ್‌ಮೆಂಟು ಜಿಡ್ಡಿನದು, ಬಟ್ಟೆಗೆ ಹತ್ತುತ್ತದೆ, ಆದರೆ ಉರಿ ಕಡಿಮೆ, ಚರ್ಮದ ಮೇಲೆ ಹೆಚ್ಚು ಹೊತ್ತು ಕೂರುತ್ತದೆ. ಹೆಸರೂ ಶೇಕಡಾವಾರೂ ಒಂದೇ ಇರುತ್ತದಾದ್ದರಿಂದ ಕೊಳ್ಳುವಾಗ ಡಬ್ಬಿಯ ಮೇಲೆ ಯಾವುದೆಂದು ಓದಿ ನೋಡಿ. ಮೊದಲ ಕೆಲವು ದಿನ ಸೀಳುಗಳಿರುವ ಕಡೆ ಒಂಚೂರು ಉರಿಯಬಹುದು. ದಿನದಿನಕ್ಕೆ ಹೆಚ್ಚುತ್ತಾ ಹೋದರೆ, ಊತ ಬಂದರೆ ಸಹಿಸಿಕೊಂಡು ಕೂರದೆ ವೈದ್ಯರಿಗೆ ತಿಳಿಸಬೇಕು. ಕೆಲವೊಮ್ಮೆ ಮುಲಾಮಿನ ಯಾವುದೋ ಅಂಶವೇ ಒಗ್ಗದಿರಬಹುದು, ಇಲ್ಲವೇ ಫಂಗಸ್ ಸೇರಿಕೊಂಡಿರಬಹುದು.

ಔಷಧಿಯ ಮುಲಾಮಿನ ಜೊತೆಗೆ ಬರೀ ಜಿಡ್ಡಿನ ಮುಲಾಮೊಂದು ಬೇಕು. ವ್ಯಾಸಲೀನ್ ಎಂದು ನಾವು ಕರೆಯುವ ಪೆಟ್ರೋಲಿಯಂ ಜೆಲ್ಲಿ, ಪರಿಮಳ ಬೆರೆಸದ್ದು, ಧಾರಾಳವಾಗಿ ಸಾಕು. ಮೂತ್ರಕ್ಕೆ ಹೋಗುವ ಮೊದಲು ಸವರಿಕೊಂಡರೆ ಉರಿ ತಪ್ಪುತ್ತದೆ. ಹೆಚ್ಚು ನಡೆಯುವ ದಿನ, ಸೈಕಲ್ ತುಳಿಯುವ ದಿನ ಉಜ್ಜಾಟ ತಪ್ಪುತ್ತದೆ. ಉಜ್ಜಾಟಕ್ಕೆ, ಕೆರೆತಕ್ಕೆ ಸಿಕ್ಕ ಕಡೆಯೇ ಈ ಕಾಯಿಲೆ ಕೆರಳುವ ಸ್ವಭಾವದ್ದು. ಸ್ಟೀರಾಯ್ಡಿಗೂ ಇದಕ್ಕೂ ನಡುವೆ ಅರ್ಧ ಗಂಟೆಯಾದರೂ ಅಂತರವಿರಲಿ, ಇಲ್ಲದಿದ್ದರೆ ಒಂದು ಇನ್ನೊಂದನ್ನು ತೆಳುವಾಗಿಸಿ ಬೇಡದ ಕಡೆಗೆ ಹರಡುತ್ತದೆ. ಸೋಪು, ಪರಿಮಳದ ವೈಪ್ಸು, 'ಆ ಭಾಗಕ್ಕೆಂದೇ' ಮಾರುವ ವಾಶ್‌ಗಳು ಎಲ್ಲವನ್ನೂ ಬಿಟ್ಟುಬಿಡಿ. ಇನ್ನೆರಡು ಎಚ್ಚರಿಕೆಗಳಿವೆ. ಇಂಥ ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಲೇಟೆಕ್ಸ್ ಕಾಂಡೊಮ್ ಇದರಿಂದ ದುರ್ಬಲವಾಗಿ ಹರಿಯಬಹುದು.

ನವೆ ಬೇಗ ಇಳಿಯಿತು. ಒಂದು ರಾತ್ರಿ ಪೂರ್ತಿ ನಿದ್ದೆ ಮಾಡಿ ಎದ್ದಾಗ, ಇಷ್ಟು ಕಾಲ ನಿದ್ದೆಗೆಟ್ಟು ಬದುಕಿದ್ದೆನೆಂಬುದೇ ಆಗ ತಿಳಿಯಿತು. ಸೀಳುಗಳು ಕೂಡಿಕೊಂಡವು, ಕೆಂಪು ಚುಕ್ಕೆಗಳು ಮಾಸಿದವು, ನಿರಿಗೆಗಟ್ಟಿದ್ದ ಚರ್ಮ ಮೆತ್ತಗಾಯಿತು. ಬಿಳುಪು ಕೆಲವು ಕಡೆ ಹೋಗಿದೆ, ಕೆಲವು ಕಡೆ ಉಳಿದಿದೆ. ಉಳಿದರೂ ಚಿಂತೆಯಿಲ್ಲ, ಚರ್ಮದ ಮೆತ್ತನೆಯ ಗುಣ ನೋಡಿ ಎಂದಿದ್ದಾರೆ.

ಆದರೆ ಹೋದದ್ದು ಹೋಯಿತು. ನನ್ನ ಒಳತುಟಿಯ ಒಂದು ಭಾಗ ಹೊರತುಟಿಗೆ ಅಂಟಿಕೊಂಡು ಕರಗಿಹೋಗಿದೆ. ಚಂದ್ರನಾಡಿಯ ಮೇಲಿನ ಚರ್ಮ ಅರ್ಧ ಮುಚ್ಚಿಕೊಂಡಿದೆ. ಮುಲಾಮು ಮುಂದಿನ ನಷ್ಟ ತಡೆಯುತ್ತದೆ, ಹಿಂದಿನದನ್ನು ತಂದುಕೊಡುವುದಿಲ್ಲ. ಇದನ್ನು ವೈದ್ಯೆ ಮೆಲ್ಲಗೆ ಹೇಳಿದ್ದರು. ನಾನು ಮನೆಗೆ ಬಂದು ಕನ್ನಡಿಯ ಮುಂದೆ ಕೂತು ಅತ್ತೆ. ಮಕ್ಕಳನ್ನು ಹೆತ್ತ ಮೈ, ಇಷ್ಟು ವರ್ಷ ನನ್ನದಾಗಿದ್ದ ಮೈ. ಅದರ ಒಂದು ಭಾಗವನ್ನು ನಾನು ಸರಿಯಾಗಿ ನೋಡಿಯೂ ಇರಲಿಲ್ಲ, ನೋಡುವ ಹೊತ್ತಿಗೆ ಅದು ಬದಲಾಗಿತ್ತು. ಒಂದು ಹಲ್ಲು ಹೋದರೆ ನಾಲ್ಕು ಜನ ವಿಚಾರಿಸುತ್ತಾರೆ. ಇದಕ್ಕೆ ಯಾರ ಹತ್ತಿರವೂ ಹೇಳಿಕೊಂಡು ಅಳುವ ಹಾಗಿಲ್ಲ. ಹಾಗಾಗಿಯೇ ಇಲ್ಲಿ ಬರೆಯುತ್ತಿದ್ದೇನೆ: ಹೊಸದಾಗಿ ತಿಳಿದವಳೇ, ನಿನಗೆ ದುಃಖವಾದರೆ ಅದು ಸಣ್ಣ ವಿಷಯಕ್ಕೆ ಆದ ದುಃಖವಲ್ಲ. ಅಳು. ಅತ್ತ ಮೇಲೆ ಆ ರಾತ್ರಿಯ ಮುಲಾಮು ಹಚ್ಚು.

ಇವರಿಗೆ ಹೇಳಲು ತಡವಾಯಿತು. ಕೂಡುವಾಗ ನೋವಾಗುತ್ತಿದ್ದುದನ್ನು ಸುಸ್ತು, ನಿದ್ದೆ ಎಂದು ಎಷ್ಟೋ ಕಾಲ ಮುಚ್ಚಿಡುತ್ತಾ ಬಂದಿದ್ದೆ. ಕೊನೆಗೆ ಹೇಳಿದಾಗ ಅವರು ಕೇಳಿದ ಮೊದಲ ಮಾತು, "ನನ್ನಿಂದ ಬಂತೇನೇ?"

"ಇಲ್ಲಾರೀ, ಯಾರಿಂದಲೂ ಬರೋ ಕಾಯಿಲೆ ಅಲ್ಲ ಇದು."

"ಮತ್ತೆ ಇಷ್ಟು ದಿನ ಒಬ್ಬಳೇ ಯಾಕೆ ಒದ್ದಾಡಿದೆ?"

ನನಗೆ ಉತ್ತರ ಹೊಳೆಯಲಿಲ್ಲ. ಈಗ ಹಿಂಭಾಗ ಕನ್ನಡಿಗೆ ಸಿಗದಿದ್ದಾಗ ಟಾರ್ಚ್ ಹಿಡಿಯುವವರು ಇವರೇ. ವೈದ್ಯರು ಹೇಳಿದ ಉಳಿದ ಮಾತುಗಳನ್ನೂ ಇಬ್ಬರೂ ಕೂತು ಓದಿಕೊಂಡೆವು: ಕಾಯಿಲೆ ಸುಮ್ಮನಾಗುವವರೆಗೆ ಅವಸರ ಬೇಡ, ಜಾರುವಿಕೆಗೆ ಜೆಲ್ ಬಳಸಿ, ಮುಲಾಮು ಹಚ್ಚಿದ ಕೂಡಲೇ ಸೇರಬೇಡಿ. ಯೋನಿಯ ಬಾಗಿಲು ಬಿಗಿಯಾಗಿದ್ದವರಿಗೆ ಡೈಲೇಟರ್ ಎಂಬ ನಯವಾದ ಕೊಳವೆಗಳಿಂದ ನಿಧಾನವಾಗಿ ಸಡಿಲ ಮಾಡಿಸುವುದುಂಟು. ಅಷ್ಟಕ್ಕೂ ಆಗದಿದ್ದರೆ ಶಸ್ತ್ರಚಿಕಿತ್ಸೆ, ಅದೂ ಕಾಯಿಲೆ ಹತೋಟಿಗೆ ಬಂದ ಮೇಲೆ. ಮುಟ್ಟು ನಿಂತು ಒಳಗಿನ ಚರ್ಮವೂ ಒಣಗಿದ್ದರೆ ಈಸ್ಟ್ರೊಜೆನ್ ಕ್ರೀಮು ಕೊಡುತ್ತಾರೆ. ಅದು ಒಣಗಿದ್ದಕ್ಕೆ ಮದ್ದು, ಲೈಕೆನ್ ಸ್ಕ್ಲೆರೋಸಸ್‌ಗೆ ಅಲ್ಲ. ಎರಡನ್ನೂ ಬಳಸುವವರು ಯಾವ ಟ್ಯೂಬು ಯಾವುದಕ್ಕೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕು.

ನನಗೆ ಹೆಚ್ಚು ಕಾಡುವುದು ನನಗಿಂತ ವಯಸ್ಸಾದವರ ಚಿತ್ರ. ಮಂಡಿ ಮಡಚದವರು, ಬೆರಳು ಸೆಟೆದವರು, ಕಣ್ಣು ಮಂಜಾದವರು ಕನ್ನಡಿ ಇಟ್ಟುಕೊಂಡು ಹೇಗೆ ಹಚ್ಚಬೇಕು? ಮೂತ್ರ ಸೋರುವ ತೊಂದರೆಯಿದ್ದರೆ ಚರ್ಮ ಸದಾ ಒದ್ದೆ, ಸದಾ ಉರಿ, ಮುಲಾಮು ನಿಲ್ಲುವುದೇ ಇಲ್ಲ. ಅದಕ್ಕೂ ಚಿಕಿತ್ಸೆ ಕೇಳಬೇಕು ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ನಿಮ್ಮ ಅಮ್ಮ, ಅತ್ತೆ, ಅಜ್ಜಿ ಕೂತಲ್ಲಿ ಕೂರಲಾರದೆ ಹೊರಳುತ್ತಿದ್ದರೆ ಒಮ್ಮೆ ಕೇಳಿ. ನಾಚಿಕೆ ಅವರದಾಗಿರುತ್ತದೆ, ಮೊದಲ ಮಾತು ನಿಮ್ಮದಾಗಲಿ.

ಇದು ಹೆಂಗಸರ ಕಾಯಿಲೆ ಮಾತ್ರವೂ ಅಲ್ಲ, ವಯಸ್ಸಾದವರದು ಮಾತ್ರವೂ ಅಲ್ಲ. ಗಂಡಸರಲ್ಲಿ ಶಿಶ್ನದ ಮುಂದೊಗಲು ಬಿಳಿಚಿ ಬಿಗಿಯುತ್ತದೆ, ಮೂತ್ರದ ದಾರಿಯೂ ಕಿರಿದಾಗಬಹುದು. ಅವರಿಗೂ ಮೊದಲು ಇದೇ ಮುಲಾಮು, ಬಗ್ಗದಿದ್ದರೆ ಸುನ್ನತಿ. ಪುಟ್ಟ ಹುಡುಗಿಯರಿಗೆ ಬಂದಾಗ ನೋವಿಗೆ ಹೆದರಿ ಮಲ ತಡೆಹಿಡಿಯುತ್ತಾರೆ, ಹೊಟ್ಟೆ ಕಟ್ಟುತ್ತದೆ, ಎಲ್ಲರೂ ಮಲಬದ್ಧತೆಗೆ ಮದ್ದು ಹುಡುಕುತ್ತಾರೆ. ಚರ್ಮದಡಿಯ ರಕ್ತದ ಕಲೆ ನೋಡಿ ಮಗುವಿನ ಮೇಲೆ ಯಾರೋ ಕೈಮಾಡಿದ್ದಾರೆ ಎಂಬ ಅನುಮಾನ ಹುಟ್ಟುವುದೂ ಉಂಟು. ಅನುಮಾನ ಬಂದರೆ ಅದನ್ನು ಕಡೆಗಣಿಸಬಾರದು, ಜೊತೆಗೆ ಈ ಕಾಯಿಲೆ ಬಲ್ಲ ವೈದ್ಯರಿಗೆ ತೋರಿಸಲೇಬೇಕು. ದೊಡ್ಡವಳಾದರೆ ತಾನಾಗಿ ಹೋಗುತ್ತದೆ ಎಂದು ನಂಬಿ ಬಿಡುವ ಹಾಗೂ ಇಲ್ಲ.

ಲೇಸರ್ ಮಾಡಿಸಿ, ನಿಮ್ಮದೇ ರಕ್ತದಿಂದ ತೆಗೆದ ಪ್ಲಾಸ್ಮಾ ಚುಚ್ಚಿಸಿಕೊಳ್ಳಿ, ಸಸ್ಯದ ಎಣ್ಣೆ ಹಚ್ಚಿ ಎನ್ನುವವರು ಸಿಗುತ್ತಾರೆ. ಲೇಸರ್ ಸ್ಟೀರಾಯ್ಡಿನ ಜಾಗ ತುಂಬುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ. ಪ್ಲಾಸ್ಮಾವನ್ನು ಹುಸಿ ಚುಚ್ಚುಮದ್ದಿನ ಜೊತೆ ಹೋಲಿಸಿ ನೋಡಿದ ಪ್ರಯೋಗದಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ಎಣ್ಣೆಗಳ ಘಾಟಿಗೆ ಈ ಚರ್ಮ ಮತ್ತಷ್ಟು ಕೆರಳಬಹುದು. ಸ್ಟೀರಾಯ್ಡ್ ನಿಜಕ್ಕೂ ಒಗ್ಗದವರಿಗೆ ಟ್ಯಾಕ್ರೊಲಿಮಸ್ ಎಂಬ ಇನ್ನೊಂದು ಮುಲಾಮು ಇದೆ. ಶುರುವಿನಲ್ಲಿ ಉರಿ ಹೆಚ್ಚು, ಕ್ಲೊಬೆಟಾಸಾಲಿನಷ್ಟು ಪರಿಣಾಮವೂ ಇಲ್ಲ, ವೈದ್ಯರ ಕಣ್ಣಡಿಯಲ್ಲೇ ಬಳಸಬೇಕಾದದ್ದು.

ಇನ್ನು, ನವೆ ಹೋದ ಮೇಲಿನ ದಿನಗಳು. ಮುಲಾಮು ಕೈಬಿಡುವ ಆಸೆ ಹುಟ್ಟುವುದು ಆಗಲೇ. ನೋವಿಲ್ಲ, ತುರಿಕೆಯಿಲ್ಲ, ಯಾಕಾದರೂ ಹಚ್ಚಬೇಕು ಅನ್ನಿಸುತ್ತದೆ. ಕಾಯಿಲೆ ಸದ್ದಿಲ್ಲದೆಯೂ ಕೆಲಸ ಮಾಡಬಲ್ಲದು; ನವೆಯೇ ಇಲ್ಲದೆ ಚರ್ಮ ಅಂಟಿಕೊಳ್ಳುತ್ತಾ ಹೋದವರಿದ್ದಾರೆ. ಹಾಗಾಗಿ ಮೂರು ತಿಂಗಳ ನಂತರವೂ ಹೆಚ್ಚಿನವರಿಗೆ ವಾರಕ್ಕೆ ಒಂದೋ ಎರಡೋ ಸಲ ಮುಂದುವರಿಸಲು ಹೇಳುತ್ತಾರೆ. ನನಗೆ ಭಾನುವಾರ ಮತ್ತು ಬುಧವಾರ. ದಿನ ಗೊತ್ತುಮಾಡಿಕೊಂಡರೆ ಮನಸ್ಸಿನ ಜೊತೆ ಚರ್ಚೆ ಇರುವುದಿಲ್ಲ. ನಡುವೆ ಕೆರಳಿದರೆ ಕೆಲವು ದಿನ ಮತ್ತೆ ದಿನಾ ಹಚ್ಚಿ, ತಣಿದ ಮೇಲೆ ಇಳಿಸುವುದು. ಎಷ್ಟು ದಿನ ಎಂದು ಮೊದಲೇ ಕೇಳಿಟ್ಟುಕೊಂಡಿದ್ದೇನೆ.

ಕ್ಯಾನ್ಸರ್ ಎಂಬ ಮಾತನ್ನು ಕೆಲವು ವೈದ್ಯರು ಹೇಳುವುದಿಲ್ಲ, ಕೆಲವರು ಹೇಳಿ ಮುಂದೆ ಹೋಗುತ್ತಾರೆ. ಹೇಳಲೇಬೇಕು, ಸರಿಯಾದ ಅಳತೆಯಲ್ಲಿ. ಈ ಕಾಯಿಲೆಯಿರುವ ಹೆಂಗಸರಲ್ಲಿ ಆ ಜಾಗದ ಕ್ಯಾನ್ಸರ್ ಬರುವುದು ಶೇ 5ಕ್ಕಿಂತ ಕಡಿಮೆ ಮಂದಿಗೆ. ಕಾಯಿಲೆ ಹತೋಟಿಯಲ್ಲಿದ್ದರೆ ಆ ಭಯ ಇನ್ನೂ ಕಡಿಮೆ. ತಿಂಗಳಿಗೊಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳುವುದು ಸಾಕು. ದಿನಾ ನೋಡಿದರೆ ಇಲ್ಲದ್ದೂ ಕಾಣತೊಡಗುತ್ತದೆ. ಹುಡುಕಬೇಕಾದ್ದು ಕೆಲವೇ ವಾರಗಳಲ್ಲಿ ಮಾಯದ ಹುಣ್ಣು, ಗಂಟು, ಬೆರಳಿಗೆ ಗಟ್ಟಿಯಾಗಿ ಸಿಗುವ ದಪ್ಪ ಚರ್ಮ, ತಾನಾಗಿ ಬರುವ ರಕ್ತ, ಮುಲಾಮಿಗೆ ಬಗ್ಗದ ನೋವು. ಇವುಗಳಲ್ಲಿ ಒಂದು ಕಂಡರೂ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಹೋಗಬೇಕು. ಏನೂ ಕಾಣದಿದ್ದರೂ ವರ್ಷಕ್ಕೊಮ್ಮೆ ವೈದ್ಯರು ನೋಡಬೇಕು. ಕೇಳುವುದಷ್ಟೇ ಸಾಲದು, ನೋಡಬೇಕು.

ನನ್ನ ಮುಂದಿನ ಭೇಟಿ ಹತ್ತಿರ ಬಂದಿದೆ. ಅಲ್ಲಿ ಕೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡಿದ್ದೇನೆ, ಯಾಕೆಂದರೆ ಮಂಚದ ಮೇಲೆ ಮಲಗಿದಾಗ ಎಲ್ಲವೂ ಮರೆತುಹೋಗುತ್ತದೆ. ಎಡಗಡೆಯ ಬಿಳುಪು ಹಾಗೇ ಉಳಿದಿದೆ, ಅಲ್ಲಿಗೆ ಮುಲಾಮು ಸರಿಯಾಗಿ ತಲುಪುತ್ತಿದೆಯೇ? ನಾನು ಹಚ್ಚುವುದನ್ನು ಒಮ್ಮೆ ನೀವೇ ನೋಡಿ ತಿದ್ದುತ್ತೀರಾ? ವಾರಕ್ಕೆ ಎರಡು ಸಲ ಇರುವುದನ್ನು ಯಾವಾಗ ಒಂದಕ್ಕೆ ಇಳಿಸಬಹುದು? ತಂಗಿಗೂ ನವೆ ಇದೆಯಂತೆ, ಮೊನ್ನೆ ಫೋನಿನಲ್ಲಿ ಹೇಳಿದಳು. ಅವಳನ್ನೂ ಕರೆದುಕೊಂಡು ಬರಲೇ?